ಉಗುರುಬಣ್ಣದ ಗೆರೆ

ಇವತ್ತು ಕಳ್ಳ ಸಿಕ್ಕಿಬೀಳಲೇಬೇಕು. ಅಚ್ಚುಯಂತ್ರ ರಿಪೇರಿಯ ಎಕಾರ್ಟ್ ವ್ಯಾನು ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಕುಳಿತ. ಲೈಪ್‌ಜಿಗ್‌ನಿಂದ ಇಲ್ಲಿಯವರೆಗೂ ಮಂಜು. ಎದುರು ಬಂದ ಗಾಡಿಗಳ ದೀಪಗಳು ಹೂಕೋಸಿನ ಹಾಗೆ ಅರಳಿಕೊಂಡು ಕಣ್ಣಿಗೆ ರಾಚಿದ್ದವು. ಈ ವಯಸ್ಸಿಗೆ ಸಾಕಪ್ಪ ಈ ತಿರುಗಾಟ ಅನ್ನಿಸಿತು.

ನೌಂಬುರ್ಗ್‌ನ ಈ ಮುದ್ರಣಾಲಯದ ಯಂತ್ರಕ್ಕೆ ನಾಲ್ಕು ಬಣ್ಣದ ನಾಲ್ಕು ವಿಭಾಗ. ಕಪ್ಪು, ಕೆಂಪು, ಹಳದಿ, ಈ ಮೂರರ ರಬ್ಬರ್ ರೋಲರುಗಳಿಗೆ ಏನೂ ಆಗಿರಲಿಲ್ಲ. ನೀಲಿಯವು ಮಾತ್ರ, ಎರಡು ವರ್ಷ ಬಾಳಬೇಕಾದವು, ಎರಡೇ ತಿಂಗಳಿಗೆ ಸವೆದು ಬಿರುಕು ಬಿಡುತ್ತಿದ್ದವು. ಕಾರಣ ಎಕಾರ್ಟ್‌ಗೆ ಗೊತ್ತಿತ್ತು. ತಿರುಪು ಬಿಗಿದು ರೋಲರನ್ನು ಅಚ್ಚಿನ ಪ್ಲೇಟಿಗೆ ಮಿತಿಮೀರಿ ಒತ್ತಿದರೆ ಹೀಗಾಗುತ್ತದೆ. ಒತ್ತುತ್ತಿರುವವರು ಯಾರು ಎನ್ನುವುದಷ್ಟೇ ಪ್ರಶ್ನೆ. ಬೇಸಿಗೆಯಿಂದೀಚೆಗೆ ಅವನು ನೋಡಿಕೊಳ್ಳುವ ಇನ್ನೆರಡು ಮುದ್ರಣಾಲಯಗಳಿಗೂ ಇದೇ ರೋಗ ತಗುಲಿತ್ತು. ಈಗಿನ ಹುಡುಗರಿಗೆ ಯಂತ್ರದ ಮೇಲೆ ಕರುಣೆಯೇ ಇಲ್ಲ ಎಂದು ಅವನು ಕಚೇರಿಗೆ ಹೇಳಿದ್ದ.

ಒಡತಿ ತೆಸ್ಮರ್ ಬಾಗಿಲಲ್ಲೇ ಕಾದಿದ್ದಳು.

“ಎಕಾರ್ಟ್, ನನಗೂ ಸಾಕಾಗಿಹೋಗಿದೆ. ಇವತ್ತೊಂದು ತೀರ್ಮಾನ ಆಗ್ಲಿ. ಡಾರ್ಕೊ ಕೈ ಹಾಕಿದ್ದಾನೆ ಅಂತ ನೀವು ಹೇಳಿದ್ರೆ, ಮಧ್ಯಾಹ್ನದೊಳಗೆ ಅವನನ್ನ ಮನೆಗೆ ಕಳಿಸ್ತೀನಿ.”

ಹೇಳುತ್ತ ಅವಳ ಕಣ್ಣು ಅವನ ಕಾಲಿನತ್ತ ಇಳಿಯಿತು. ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ. ಅವಳು ನೋಡದವಳಂತೆ ಮುಖ ತಿರುಗಿಸಿದಳು. ಹೆಂಡತಿ ಗುಡ್ರುನ್ ತೀರಿಕೊಂಡ ಮೇಲೆ ಅವನಿಗೆ ಹೇಳುವವರು ಕೇಳುವವರು ಇಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಯಂತ್ರ ನಡೆಸುವ ಡಾರ್ಕೊ ಕಿಟಕಿಯ ಬಿಸಿಲಲ್ಲಿ ಕೈಕಟ್ಟಿ ನಿಂತಿದ್ದ. ಮನೆಯಲ್ಲಿ ಹೆಂಡತಿಗೆ ದಿನ ತುಂಬಿತ್ತು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

“ಒಗೆದ ಅಂಗಿ ಹಾಕ್ಕೊಂಡು ಬರೋಕೇನು ಕಷ್ಟ ನಿಂಗೆ?” ಎಂದ ಎಕಾರ್ಟ್. “ಹಳದಿಗಟ್ಟಿ ಹೋಗಿದೆ.”

“ನಿನ್ನೆ ತಗೊಂಡಿದ್ದು, ಯಜಮಾನ್ರೇ. ಕೆಲಸ ಹೋಗೋ ದಿನ ಚೆನ್ನಾಗಿ ಕಾಣ್ಲಿ ಅಂತ.”

“ನಾನು ಹೊಂದಿಸಿ ಹೋದ ಮೇಲೆ ನೀಲಿ ಶಾಯಿ ಕಡಿಮೆ ಮಾಡ್ತೀಯಂತೆ?”

“ಮಾಡ್ದೆ ಇನ್ನೇನು? ಹಾಳೆ ತುಂಬ ನೀಲಿನೇ ಬರುತ್ತೆ. ಒಂದು ಸಾರಿ ಆದ್ರೂ ತಿರುಪು ಮುಟ್ಟಿಲ್ಲ ನಾನು. ನೀವು ಬಂದು ಹೋದ್ಮೇಲೇ ಇದು ಕೆಡೋದು.”

“ಹೌದಲ್ಲ, ನಾನಿದ್ದಾಗ ಮುಟ್ಟೋ ಧೈರ್ಯ ನಿಂಗೆಲ್ಲಿದೆ? ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ.”

ಒಬ್ಬನ ಅನ್ನಕ್ಕೆ ಕಲ್ಲು ಹಾಕುವುದು ಎಕಾರ್ಟ್‌ಗೂ ಬೇಕಿರಲಿಲ್ಲ. ಆದರೆ ತನ್ನ ಕೆಲಸದ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ. ಪ್ರತಿ ಸಲವೂ ಹೊಸ ರೋಲರು ಕೂರಿಸಿ, ಒಂದು ಹಾಳೆ ಅಚ್ಚುಹಾಕಿಸಿ, ಕಿಟಕಿಗೆ ಹಿಡಿದು ನೋಡುತ್ತಿದ್ದ. ಬಾಲ್ಟಿಕ್ ಕರಾವಳಿಯ ಪ್ರವಾಸದ ಕೈಪಿಡಿ ಅದು. ಸಮುದ್ರ ಪಾತ್ರೆ ತೊಳೆದ ನೀರಿನಂತಿರುತ್ತಿತ್ತು. ನೀಲಿಯ ತಿರುಪಿಗೆ ಸ್ವಲ್ಪ ಕೈಯಾಡಿಸಿ ಮತ್ತೊಂದು ಹಾಳೆ ತೆಗೆಸುತ್ತಿದ್ದ. ಬಣ್ಣದ ಅಳತೆಪಟ್ಟಿ ಏನೇ ಹೇಳಲಿ, ಸಮುದ್ರ ಸಮುದ್ರದಂತೆ ಕಾಣುವವರೆಗೂ ಬಿಡುತ್ತಿರಲಿಲ್ಲ. ಇಷ್ಟು ವರ್ಷ ಗಿರಾಕಿಗಳು ನಂಬಿದ್ದು ಅವನ ಕಣ್ಣನ್ನೇ.

ಹೋದ ಸಲ ಮಾತ್ರ ಹೊರಡುವ ಮುಂಚೆ ಒಂದು ಉಪಾಯ ಹೂಡಿದ್ದ. ಗುಡ್ರುನ್‌ಳ ಕನ್ನಡಿಯ ಮುಂದೆ ಉಳಿದುಹೋಗಿದ್ದ ಉಗುರುಬಣ್ಣದ ಸೀಸೆ ತಂದು, ತಿರುಪಿನ ತಲೆಯಿಂದ ಚೌಕಟ್ಟಿನವರೆಗೆ ಒಂದು ಗೆರೆ ಎಳೆದಿದ್ದ. ತಿರುಪು ಕೂದಲೆಳೆಯಷ್ಟು ತಿರುಗಿದರೂ ಗೆರೆ ಒಡೆಯಬೇಕು. ಯಾರಿಗೂ ಹೇಳಿರಲಿಲ್ಲ. ಅದು ಕಡುನೀಲಿ. ಆ ಬಣ್ಣ ಹಚ್ಚಿದ ಬೆರಳುಗಳು ಭಾನುವಾರ ಕೇಕು ಕತ್ತರಿಸುತ್ತಿದ್ದದ್ದು ಅವನಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಯಂತ್ರದ ಆ ಮೂಲೆಗೆ ತೋಳು ತೂರುವಷ್ಟೇ ಜಾಗವಿದ್ದದ್ದರಿಂದ ಕೈ ಅಂದಾಜಿನಲ್ಲೇ ಹಚ್ಚಿದ್ದ.

ಮೊದಲು ಒತ್ತಡದ ಪರೀಕ್ಷೆ. ರೋಲರನ್ನು ಪ್ಲೇಟಿನ ಮೇಲೆ ಇಳಿಸಿ ಎತ್ತಿದ. ಪ್ಲೇಟಿನ ಮೇಲೆ ಮೂಡಿದ ಶಾಯಿಯ ಪಟ್ಟಿ ಇರಬೇಕಾದದ್ದಕ್ಕಿಂತ ದುಪ್ಪಟ್ಟು ಅಗಲವಿತ್ತು. ತಿರುಪು ವಿಪರೀತ ಬಿಗಿ, ಸಂಶಯವೇ ಇಲ್ಲ.

ಪಕ್ಕದ ಮುಚ್ಚಳವನ್ನು ಪೂರ್ತಿ ಬಿಚ್ಚಿ, ಮಂಡಿಯೂರಿ, ಒಳಗೆ ಟಾರ್ಚು ಬಿಟ್ಟ.

ಗೆರೆ ಒಡೆದಿರಲಿಲ್ಲ.

ಎಕಾರ್ಟ್ ಟಾರ್ಚನ್ನು ಇನ್ನಷ್ಟು ಒಳಗೆ ಚಾಚಿದ. ಗೆರೆ ಒಡೆದಿಲ್ಲವೆಂದರೆ ಯಾರೂ ಮುಟ್ಟಿಲ್ಲ. ಯಾರೂ ಮುಟ್ಟಿಲ್ಲವೆಂದರೆ... ಇನ್ನೊಮ್ಮೆ ಬಗ್ಗಿ ನೋಡಿದ. ಆಮೇಲೆ ನಿಧಾನಕ್ಕೆ ಉಸಿರು ಬಿಟ್ಟು ನಕ್ಕ.

“ಮೇಡಂ, ಬನ್ನಿ ಇಲ್ಲಿ. ನೀವೇ ನೋಡಿ. ಆಸಾಮಿ ಜಾಣ ಇದ್ದಾನೆ. ತಿರುಪು ಬಿಗಿದು, ನಾನು ಹಾಕಿದ್ದ ಗುರುತು ಕೆರೆದು, ಅದೇ ಜಾಗದಲ್ಲಿ ತನ್ನದೊಂದು ಗೆರೆ ಎಳೆದಿದ್ದಾನೆ. ಆದ್ರೆ ಬಣ್ಣದಲ್ಲಿ ಎಡವಿಬಿಟ್ಟ. ನಾನು ಹಚ್ಚಿದ್ದು ನಮ್ಮ ಗುಡ್ರುನ್‌ದು ಉಗುರುಬಣ್ಣ, ನೀಲಿ. ಇದು ಕಪ್ಪು.”

“ನಾನಾ? ಗೆರೆನಾ?” ಡಾರ್ಕೊ ನುಗ್ಗಿ ಬಂದ. “ನನ್ನ ಹುಟ್ಟೋ ಮಗು ಆಣೆ...”

ತೆಸ್ಮರ್ ಕೈಯೆತ್ತಿ ಅವನನ್ನು ತಡೆದಳು. ಎಕಾರ್ಟ್‌ನ ಪಕ್ಕದಲ್ಲೇ ಮಂಡಿಯೂರಿ ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಭುಜದ ಮೇಲಿಂದ ಡಾರ್ಕೊನೂ ಬಗ್ಗಿದ. ಅವನ ಕಣ್ಣು ಗೆರೆಯಿಂದ ಎಕಾರ್ಟ್‌ನ ಮುಖಕ್ಕೆ ಹೊರಳಿತು.

ಅವಳು ಎದ್ದಳು. ಡಾರ್ಕೊನತ್ತ ನೋಡಲಿಲ್ಲ. ಎಕಾರ್ಟ್‌ನ ಕಾಲುಚೀಲಗಳನ್ನು ಮತ್ತೊಮ್ಮೆ ನೋಡಿದಳು. ಒಂದು ಕಪ್ಪು, ಒಂದು ನೀಲಿ. ಆಮೇಲೆ ಅವನ ಕೈಯಿಂದ ಟಾರ್ಚು ತೆಗೆದುಕೊಂಡು ಆರಿಸಿದಳು.

“ಎಕಾರ್ಟ್,” ಎಂದಳು ಮೆತ್ತಗೆ, “ಇದು ನೀಲಿನೇ.”