ಬೋರಮಾಳದ ದಾರ

ಸತ್ತ ಅವ್ವನ ಫೋಟೊದ ಬರಿಗೊರಳಿಗೆ ಶೈಲಶ್ರೀ ತನ್ನ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಹದಿನಾರನೆಯ ಸರ ಹಾಕಿ ನೋಡಿದಳು. ಬದುಕಿದ್ದಾಗ ಇಷ್ಟು ಬಂಗಾರ ತೊಟ್ಟಿದ್ದರೆ ಸವಣೂರಿನ ಹಳೇ ನವಾಬರೂ ಎದ್ದು ಬಂದು ಅವ್ವನಿಗೆ ಸಲಾಂ ಹೊಡೆಯುತ್ತಿದ್ದರು! ನಾಡಿದ್ದು ಪುಣ್ಯತಿಥಿ. ಕಳುವಾದ ಬೋರಮಾಳ ಸರ ಫೋಟೊದಲ್ಲಾದರೂ ಅವ್ವನ ಕೊರಳಲ್ಲಿರಲಿ ಎಂದು ಅಣ್ಣ ಲೋಹಿತನಿಗೆ ಆಸೆ. ಅದು ಹೇಗಿತ್ತೆಂದು ಬಲ್ಲ ಸ್ಟುಡಿಯೋದವಳು ತಂಗಿಯೊಬ್ಬಳೇ ಆದ್ದರಿಂದ, ಮನಸ್ಸಿಲ್ಲದಿದ್ದರೂ ಹೆಂಡತಿಯನ್ನು ಕರೆದುಕೊಂಡು ಬಂದು ಕುಳಿತಿದ್ದ.

"ಮನಿ ಮಗಳೇ ಸರ ಕದ್ದಾಳ" ಎಂದು ಎರಡು ವರ್ಷದ ಹಿಂದೆ ಸಾರಿದವಳು ಅಣ್ಣನ ಹೆಂಡತಿ ಇದೇ ಪುಷ್ಪಾ ವೈನಿ. ಯಲವಿಗಿಯಲ್ಲಿ ರೈಲು ಹೊರಡುವುದರೊಳಗೆ ಆ ಮಾತು ಹುಬ್ಬಳ್ಳಿ ಮುಟ್ಟಿತ್ತು. ಅಂದಿನಿಂದ ಅಣ್ಣ ತಂಗಿಯ ಮನೆಯ ನೀರು ಕುಡಿದಿಲ್ಲ.

ಶೈಲಶ್ರೀ ಬೇಕಂತಲೇ ಬಂಗಾರದ ಗುಂಡುಗಳ ನಡುವೆ ಕೆಂಪು ದಾರ ಎಳೆದಳು. ವೈನಿಗೆ ತಡೆಯಲಾಗಲಿಲ್ಲ.

"ಅಯ್ಯ, ಕೆಂಪಲ್ಲ ಶೈಲಾ! ಹಸಿರು ರೇಷ್ಮಿ ದಾರ ಇತ್ತಲ್ಲ. ಅಷ್ಟೂ ನೆಪ್ಪಿಲ್ಲೇನು?"

"ನೆಪ್ಪೈತ್ರಿ ವೈನಿ," ಎಂದು ಶೈಲಶ್ರೀ ನಕ್ಕಳು. "ಮೊದಲಿಂದ ಕೆಂಪು ದಾರನ ಇತ್ತು. ಕಳುವಾದ ದಿನ ಮುಂಜಾನೆ ನಾನ ಹಸಿರು ದಾರದಾಗ ಪೋಣಿಸಿ ಪೆಟ್ಟಿಗ್ಯಾಗ ಇಟ್ಟಿದ್ದೆ. ಅವ್ವಗೂ ತೋರ್ಸಿರಲಿಲ್ಲ. ನೀವು ಯಾವಾಗ ನೋಡಿದ್ರಿ?"

ಲೋಹಿತ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ಶೈಲಶ್ರೀ ದಾರಕ್ಕೆ ಹಸಿರು ಬಣ್ಣ ತುಂಬಿದಳು.

"ಈಗ ಸರಿ ಆತೇನ್ರಿ, ವೈನಿ?"