ಚಟ್ನಿಪುಡಿಯ ಪುಟ

ಮೂರನೆಯ ಸಲವೂ ಪುಟ ತೆರೆಯಲಿಲ್ಲ. ಬಿಳಿ ಪರದೆಯ ನಡುವೆ ಸಣ್ಣದೊಂದು ಚಕ್ರ ತಿರುಗಿ ತಿರುಗಿ ನಿಂತುಹೋಯಿತು. ಗಂಗಾಧರಯ್ಯ ಮೌಸನ್ನು ಮೇಜಿಗೆ ಕುಕ್ಕಿದರು. ಪಕ್ಕದಲ್ಲಿ ಪೂಜೆಯ ಹೂ ಬಿಡಿಸುತ್ತಿದ್ದ ಹೆಂಡತಿ ದ್ರಾಕ್ಷಾಯಣಿ ತಲೆ ಎತ್ತಲಿಲ್ಲ.

“ಚಿದಂಬರನ್ನ ಕರೆಸು,” ಎಂದರು.

ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಚಿದಂಬರ ಅವಳ ಅಣ್ಣನ ಮಗ. ಬಂದವನು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಏನೇನೋ ಅಳಿಸಿದ. ಗೋಡೆಯ ವೈಫೈ ಪೆಟ್ಟಿಗೆಯ ವೈರು ಕಿತ್ತು ಚುಚ್ಚಿದ. ಮಂಡಿಯ ಕೊಬ್ಬರಿ ದರ ಬಂತು, ಮಠದ ಪ್ರವಚನ ಬಂತು. ಆ ಒಂದು ಪುಟ ಮಾತ್ರ ಬರಲಿಲ್ಲ.

“ಬೋರ್ಡಿನ ಮೇಲೆ ಎಲ್ಲಾ ರಿಪೇರಿ ಅಂತ ಬರೆಸಿದ್ದೀಯಲ್ಲೋ,” ಎಂದು ಗಂಗಾಧರಯ್ಯ ಚುಚ್ಚಿದರು.

“ಸೈಟಿನವರ ಕಡೇನೇ ಏನೋ ಕೆಟ್ಟೈತೆ ಮಾಮ.” ಚಿದಂಬರ ಅತ್ತೆಯ ಕಡೆ ನೋಡಲಿಲ್ಲ. “ಅಷ್ಟು ಅವಸರ ಇದ್ರೆ ಅವರಿಗೇ ಫೋನ್ ಮಾಡಿ.”

“ದನಿ ಕೇಳಿಸಿ ಮಾಡೋ ಕೆಲಸ ಅಲ್ಲ ಕಣೋ ಅದು.”

ದ್ರಾಕ್ಷಾಯಣಿಯ ಬೆರಳುಗಳ ನಡುವೆ ಕಣಗಿಲೆ ನಲುಗಿತು.

ಆ ಪುಟ ಬಿಂದುಶ್ರೀಯದು. ಅವರ ಒಬ್ಬಳೇ ಮಗಳು. ಮೂರು ವರ್ಷದ ಹಿಂದೆ ಬೇಲೂರಿನ ಸಿದ್ಧಾರ್ಥನನ್ನು ಮದುವೆಯಾಗಿದ್ದಳು, ಜಾತಿ ಬೇರೆ. ಅಂದು ಗಂಗಾಧರಯ್ಯ ಜಗಲಿಯ ಮೇಲೆ ನಿಂತು, ಬೀದಿಯವರೆಲ್ಲ ಕೇಳುವಂತೆ, “ಅವಳು ಹೆಂಗೆ ಬಾಳ್ತಾಳೋ ನಾನೂ ನೋಡ್ತೀನಿ,” ಎಂದಿದ್ದರು. ಆಮೇಲೆ ಆ ಹೆಸರು ಹೊಸ್ತಿಲು ದಾಟಲಿಲ್ಲ. ಗಂಡ ಪ್ರತಿ ಸೋಮವಾರ ಹಾರನಹಳ್ಳಿಗೆ ದೇವರ ದರ್ಶನಕ್ಕೆ ಹೋದಾಗ ಮಾತ್ರ ದ್ರಾಕ್ಷಾಯಣಿ ಹಿತ್ತಿಲಿನಲ್ಲಿ ನಿಂತು ಮಗಳೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅಳಿಯನ ಕೆಲಸ ಹೋಗಿತ್ತು. ಮಗಳು ಹುಚ್ಚೆಳ್ಳಿನದು, ಕೊಬ್ಬರಿಯದು ಎಂದು ಚಟ್ನಿಪುಡಿ ಕುಟ್ಟಿ ಇಂಟರ್‌ನೆಟ್ಟಿನಲ್ಲಿ ಮಾರುತ್ತಿದ್ದಳು. ಆ ಮನೆಯ ಒಲೆ ಉರಿಯುತ್ತಿದ್ದುದು ಆ ಪುಟದಿಂದ.

ಹೋದ ವಾರ ಕಾಫಿ ಕೊಡಲು ಹೋದವಳಿಗೆ ಗಂಡನ ಪರದೆಯ ಮೇಲೆ ಅದೇ ಪುಟ ಕಂಡಿತು. ಗಂಗಾಧರಯ್ಯ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ಹೆಸರಿನ ಜಾಗದಲ್ಲಿ ಏಕಾಂತಯ್ಯ ಎಂದಿತ್ತು. ಅವಳ ನೆರಳು ಬಿದ್ದೊಡನೆ ಪುಟ ಮುಚ್ಚಿದರು.

ಯಾರೋ ಇಂಟರ್‌ನೆಟ್ಟಿನಲ್ಲಿ ಸುಳ್ಳು ಹೆಸರಿಟ್ಟುಕೊಂಡು ‘ಊಟದಲ್ಲಿ ಹುಳ’ ಎಂದು ಬರೆದು ಬರೆದು ಹೋಟೆಲೊಂದನ್ನು ಮುಚ್ಚಿಸಿದ ಕಥೆಯನ್ನು ಅವರೇ ಒಮ್ಮೆ ಹೇಳಿದ್ದರು. ಈಗ ಮಗಳ ಪುಟಕ್ಕೂ ಅದನ್ನೇ ಮಾಡುತ್ತಿದ್ದಾರೆ ಎಂದುಕೊಂಡಳು. ಅಂದೇ ಅಣ್ಣನ ಮಗನ ಅಂಗಡಿಗೆ ಹೋದಳು.

“ನಮ್ಮನೇಲಿ ಆ ಪುಟ ತೆರೀಬಾರ್ದು ಕಣೋ. ಯಾಕೆ ಅಂತ ಕೇಳ್ಬೇಡ.”

ಚಿದಂಬರ ಮಾವನಿಲ್ಲದಾಗ ಬಂದು ವೈಫೈ ಪೆಟ್ಟಿಗೆಯೊಳಗೆ ಆ ಪುಟದ ವಿಳಾಸಕ್ಕೆ ಬೀಗ ಜಡಿದು ಹೋದ. ಲೋಕಕ್ಕೆಲ್ಲ ತೆರೆಯುವ ಪುಟ ಈ ಮನೆಗೆ ಮಾತ್ರ ಸತ್ತಿತು. ಮನೆಯಲ್ಲಿದ್ದ ಎರಡು ಫೋನೂ ಗುಂಡಿ ಒತ್ತುವ ಹಳೆಯವು. ಊರಲ್ಲಿ ಇನ್ನೊಬ್ಬರ ಎದುರು ಕೂತು ಮಗಳ ಪುಟ ತೆಗೆಸುವಷ್ಟು ಗಂಡನ ಬಿಗುಮಾನ ಇಳಿಯದು ಎಂಬುದೂ ಅವಳಿಗೆ ಗೊತ್ತಿತ್ತು.

ಹಾಗೆಯೇ ಆಯಿತು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಗಂಗಾಧರಯ್ಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಚಕ್ರ ತಿರುಗುತ್ತಿತ್ತು. ದಿನ ಕಳೆದಂತೆ ಮಾತು ಕಡಿಮೆಯಾಯಿತು. ಸೋಮವಾರ ಹಾರನಹಳ್ಳಿಗೆ ಹೋಗುವುದನ್ನೂ ಬಿಟ್ಟರು. ದ್ರಾಕ್ಷಾಯಣಿ ತುಪ್ಪದ ದೀಪ ಹಚ್ಚಿ, ನನ್ನ ಕೂಸನ್ನು ಕಾಯ್ದೆಯಲ್ಲ ತಂದೆ, ಎಂದು ಕೈಮುಗಿದಳು.

ಎರಡು ತಿಂಗಳಾದ ಮೇಲೆ, ಗಂಡ ಸ್ನಾನಕ್ಕಿಳಿದ ಹೊತ್ತಿಗೆ ಬಿಂದುಶ್ರೀಯ ಫೋನು ಬಂತು.

“ಅಂಗಡಿ ಮುಚ್ಚಿಬಿಟ್ವಿ ಕಣಮ್ಮ. ಒಂದು ಕಡೆಯಿಂದ ವಾರವಾರ ದೊಡ್ಡ ಆರ್ಡರ್ ಬರ್ತಿತ್ತು, ಅದ್ರಲ್ಲೇ ನಡೀತಿತ್ತು. ಅದು ನಿಂತೋಯ್ತು. ಯಾರೋ ಪುಣ್ಯಾತ್ಮರು, ಏನು ತಪ್ಪು ಕಂಡ್ರೋ. ಇವತ್ತು ಹೊಸಪೇಟೆಗೆ ಹೊರಟ್ವಿ, ಇವ್ರಿಗೆ ಅಲ್ಲೊಂದು ಕೆಲಸ ಐತಂತೆ. ಅಷ್ಟು ದೂರದಿಂದ ಇನ್ಯಾವಾಗ ಬತ್ತೀನೋ.”

ಹೇಗೋ ಸಾಧಿಸಿಯೇಬಿಟ್ಟರು, ಎಂದುಕೊಂಡಳು ದ್ರಾಕ್ಷಾಯಣಿ. ಅಂದು ಮೊದಲ ಸಲ ಗಂಡನ ತಟ್ಟೆಗೆ ಮುಖ ತಿರುಗಿಸಿ ಬಡಿಸಿದಳು. ಅವರು ಎರಡು ತುತ್ತು ತಿಂದು ಕೈ ತೊಳೆದು ಮತ್ತೆ ಕಂಪ್ಯೂಟರಿನ ಮುಂದೆ ಕುಳಿತರು.

ಮಾರನೆಯ ದಿನ ಗೋಣಿಚೀಲ ಹೊತ್ತ ಮುದುಕರೊಬ್ಬರು ಜಗಲಿಗೆ ಬಂದರು. ಹಾರನಹಳ್ಳಿಯಲ್ಲಿ ಬಡಮಕ್ಕಳ ಹಾಸ್ಟೆಲಿಗೆ ಅಡುಗೆ ಮಾಡುವವರಂತೆ. ಚೀಲ ಬಿಚ್ಚಿದರು. ತೊಳೆದಿಟ್ಟ ಖಾಲಿ ಡಬ್ಬಿಗಳು.

“ಯಜಮಾನ್ರು ಯಾರ್ಗೂ ಹೇಳ್ಬ್ಯಾಡ ಅಂದಿದ್ರು ಕಣವ್ವ. ನನ್ನ ಹೆಸರಲ್ಲೇ ತರಿಸ್ಕೊಡೋರು. ಸೋಮವಾರ ಬಂದು ಮುಚ್ಚಳದ ಮೇಲಿನ ಬರವಣಿಗೆ ಸವರಿ ನೋಡ್ಕೊಂಡು ಹೋಗೋರು. ಎರಡು ತಿಂಗಳಾಯ್ತು, ಪುಡೀನೂ ಇಲ್ಲ, ಅವರೂ ಇಲ್ಲ. ಮೈಗೆ ಹುಷಾರಿಲ್ವಾ?”

ದ್ರಾಕ್ಷಾಯಣಿ ಒಂದು ಡಬ್ಬಿ ಎತ್ತಿಕೊಂಡಳು. ಮುಚ್ಚಳದ ಮೇಲೆ ಮಗಳ ದುಂಡನೆಯ ಅಕ್ಷರ: ಶ್ರೀ ಏಕಾಂತಯ್ಯನವರಿಗೆ.