ಸೋಪಿನ ಲೆಕ್ಕ

ಮಗಳು ಪೆನ್ಸಿಲ್ ಎಸೆದ ರಭಸಕ್ಕೆ ಮೂರು ಬೀದಿಯಾಚೆ ಒಂದು ನಾಯಿ ಎದ್ದು ಬೊಗಳಿತು. ತನಗೆ ಲೆಕ್ಕ ಬರುವುದಿಲ್ಲ, ಮುಂದೆಯೂ ಬರುವುದಿಲ್ಲ, ನಾಳೆಯಿಂದ ಶಾಲೆಗೆ ಹೋಗುವುದೂ ಇಲ್ಲ ಎಂದು ಹೇಳಿ ಮೇಜಿನ ಮೇಲೆ ತಲೆಯಿಟ್ಟಳು. ಬಾರ್ ಮಾಡೆಲ್ ಅಂತ ಉದ್ದುದ್ದ ಪಟ್ಟಿ ಬರೆದು ಲೆಕ್ಕ ಬಿಡಿಸಬೇಕಂತೆ. ಅದೂ ನಾಳೆ ಬೋರ್ಡಿನ ಮೇಲೆ, ಇಡೀ ತರಗತಿಯ ಕಣ್ಣೆದುರು. ಲೆಕ್ಕ ಇಷ್ಟೇ: ಅಕ್ಕನ ಹತ್ತಿರ ತಮ್ಮನ ಮೂರು ಪಟ್ಟು ಗೋಲಿಗಳಿವೆ, ಇಬ್ಬರದೂ ಸೇರಿ ಇಪ್ಪತ್ನಾಲ್ಕು, ತಮ್ಮನ ಹತ್ತಿರ ಎಷ್ಟು? ಮೂರು ಪಟ್ಟು ಅಂದಮೇಲೆ ಇನ್ನೇನು ಎಂದು ಮೂರರಿಂದ ಭಾಗಿಸಿ ಎಂಟು ಅಂತ ಬರೆದಿದ್ದಳು. ಮಿಸ್ಸು ಅದರ ಮೇಲೆ ಎಳೆದಿದ್ದ ಕೆಂಪು ಗೀಟು ಹಾಳೆ ದಾಟಿ, ರಟ್ಟು ದಾಟಿ, ನಮ್ಮ ಮೇಜಿನವರೆಗೂ ಇಳಿದಿತ್ತು.

ಅವಳು ಅಳುತ್ತಿದ್ದದ್ದು ಎಂಥ ಮನೆಯಲ್ಲಿ ಅನ್ನುವುದು ಪಾಪ ಅವಳಿಗೆ ಗೊತ್ತಿರಲಿಲ್ಲ. ಈ ಬಾರ್ ಮಾಡೆಲ್ ಕಂಡುಹಿಡಿದವರು ನಮ್ಮಪ್ಪ. ಬೇರೆ ಯಾರಾದರೂ ತಾವು ಅಂದರೆ ನನ್ನ ಹತ್ತಿರ ಕಳಿಸಿ. ಅಪ್ಪ ಸೋಪಿನ ಕಾರ್ಖಾನೆಯಲ್ಲಿ ಸೋಪು ಕತ್ತರಿಸುವ ಕೆಲಸದಲ್ಲಿದ್ದರು. ಸೊಟ್ಟಗಾಗಿ ಮಾರಾಟಕ್ಕೆ ಬಾರದ ಉದ್ದನೆಯ ಬಾರ್ ಸೋಪುಗಳು ನಮ್ಮ ಮನೆಗೆ ಬರುತ್ತಿದ್ದವು. ನನಗೂ ಅಕ್ಕನಿಗೂ ಲೆಕ್ಕ ಹೇಳಿಕೊಡಲು ಅವರು ಸ್ಲೇಟು ಮುಟ್ಟಿದವರಲ್ಲ; ಅಡುಗೆಕಟ್ಟೆಯ ಮೇಲೆ ಒಂದು ಸೋಪು ಇಟ್ಟು ಕೂರಿಸುತ್ತಿದ್ದರು. ಮೊದಲು ಉಗುರಿನ ಗೀರು, ಆಮೇಲೆ ಚಾಕು. ಗೀರನ್ನು ಎಷ್ಟು ಸಲ ಬೇಕಾದರೂ ಅಳಿಸಬಹುದು. ಕತ್ತರಿಸಿದರೆ ಮುಗಿಯಿತು, ಲೆಕ್ಕದಲ್ಲಿ ಯಾರ ಪಾಲಿಗೆ ಎಷ್ಟು ಬಂತೋ ಆ ವಾರ ಅಷ್ಟರಲ್ಲೇ ಅವರ ಸ್ನಾನ. ನಮ್ಮ ಮನೆಯ ಭಾಗಾಕಾರದ ಪರಿಮಳಕ್ಕೆ ದಾರಿಹೋಕರು ನಿಂತು ಮೂಗರಳಿಸುತ್ತಿದ್ದರು.

ನಾನು ತಪ್ಪಿದವನೇ ಅಲ್ಲ. ಒಂದೇ ಒಂದು ಸಲ, ಅಕ್ಕನಿಗೆ ನನ್ನ ಮೂರು ಪಟ್ಟು ಎಂಬ ಇಂಥದೇ ಲೆಕ್ಕಕ್ಕೆ, ಸೋಪನ್ನು ಮೂರೇ ತುಂಡು ಮಾಡಿದೆ. ಅಪ್ಪ ಮೂರನ್ನೂ ಅಕ್ಕನ ಕೈಗಿಟ್ಟು, ಖಾಲಿ ಕಟ್ಟೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಅದನ್ನು ತಪ್ಪು ಅನ್ನುವುದಲ್ಲ, ಔದಾರ್ಯ ಅನ್ನಬೇಕು. ಆ ವಾರವಿಡೀ ಬರೀ ನೀರು ಸುರಿದುಕೊಂಡ ನನ್ನನ್ನು ಕಂಡು ನೊಣಗಳೂ ದಾರಿ ಬದಲಿಸಿದವು.

ಇಂಥ ಮನೆತನದವನು ನಾನು, ಮಗಳ ಪಕ್ಕ ಕೂತು ಠೀವಿಯಿಂದ ಎರಡು ಪಟ್ಟಿ ಎಳೆದೆ. ಅವಳು ಒಂದು ಕಣ್ಣು ತೆರೆದು ನೋಡಿದಳು.

"ಅಪ್ಪಾ, ತಮ್ಮನ ಪಟ್ಟಿನೇ ಉದ್ದ ಇದೆ."

"ದೂರದಿಂದ ನೋಡಿದರೆ ಸರಿಹೋಗುತ್ತೆ."

"ಎಷ್ಟು ದೂರದಿಂದ?"

ಕಿಟಕಿಯ ಹತ್ತಿರ ಬಟ್ಟೆ ಮಡಚುತ್ತಿದ್ದ ನಮ್ಮಮ್ಮ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಎದ್ದು ಒಳಗೆ ಹೋದವಳು ಬಂದಾಗ ಕೈಯಲ್ಲಿ ಒಂದು ಸೋಪಿತ್ತು. ಅಪ್ಪ ಹೋಗಿ, ಅವರ ಹಿಂದೆಯೇ ಕಾರ್ಖಾನೆಯೂ ಮುಚ್ಚಿ, ಈ ಲೋಕದಲ್ಲಿ ಉಳಿದಿದ್ದ ಅವರ ಕಾಲದ ಒಂದೇ ಸೋಪು ಅದು. ಬೀರುವಿನಲ್ಲಿ ಸೀರೆಗಳ ನಡುವೆ ಇತ್ತು. ಅದನ್ನು ಮುಟ್ಟಲು ಬಂದ ಇಲಿಗಳೂ ಅಮ್ಮನ ಮುಖ ನೋಡಿ ಕ್ಷಮೆ ಕೇಳಿಕೊಂಡು ಹೋಗಿದ್ದವು. ಅಂಗಡಿಯಿಂದ ಒಂದು ಡಜನ್ ತಂದುಬಿಡುತ್ತೇನೆ, ಇದೊಂದನ್ನು ಬಿಡಮ್ಮ ಎಂದು ಗೋಗರೆದೆ.

"ನಿಮಗೆ ಹೇಳಿಕೊಡುವಾಗ ಅವರು ಒಂದಾದರೂ ಎತ್ತಿಟ್ಟಿದ್ದರೇನೋ?" ಎಂದು ಕೇಳಿ ಅಮ್ಮ ಚಾಕು ಬಿಸಿ ಮಾಡಲು ಹೋದಳು. ಒಣಗಿದ ಸೋಪು ಪುಡಿಯಾಗಬಾರದಲ್ಲ.

ಬಂದು ಕೂತ ಅಮ್ಮ, ಮೊದಲು ಗೀರು, ಆಮೇಲೆ ಚಾಕು ಎಂದು ಮೊಮ್ಮಗಳಿಗೆ ಹೇಳಿದ್ದಷ್ಟೇ. ಮಗಳು ಮೂಗೊರೆಸಿಕೊಂಡು ಉಗುರಿನಿಂದ ಎರಡು ಗೀರು ಎಳೆದಳು. ಎರಡು ಗೀರು, ಮೂರು ತುಂಡು. ಅಪ್ಪನ ಕೊನೆಯ ಸೋಪು ನನ್ನ ಕಣ್ಣೆದುರೇ ತಪ್ಪು ಉತ್ತರವಾಗುವುದರಲ್ಲಿತ್ತು. ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅಮ್ಮನ ಹಿಮ್ಮಡಿ ನನ್ನ ಕಾಲಿನ ಮೇಲೆ ಆನೆಯ ಹಾಗೆ ಕೂತಿತು. ಬಾಯಿ ಮುಚ್ಚಿದೆ.

ಮಗಳು ಚಾಕು ಹಿಡಿದು ಮೊದಲ ಗೀರಿನ ಮೇಲಿಟ್ಟಳು. ತುಟಿಯೊಳಗೇ ಎಣಿಸಿದಳು. ಇದು ಅಕ್ಕಂದು, ಇದೂ ಅಕ್ಕಂದು, ಇದೂ... ಚಾಕು ನಿಂತಿತು.

"ಅಜ್ಜಿ, ಹಾಗಾದ್ರೆ ತಮ್ಮನಿಗೆ?"

ಅಮ್ಮ ನೀರಿನ ಲೋಟವನ್ನು ಅವಳತ್ತ ಸರಿಸಿದಳು. ಅವಳು ಅದರಲ್ಲಿ ಹೆಬ್ಬೆರಳು ಅದ್ದಿ ಗೀರುಗಳನ್ನು ಉಜ್ಜತೊಡಗಿದಳು. ಒಣ ಸೋಪು ಒದ್ದೆಯಾಗಿ ಪರಿಮಳ ಮೆಲ್ಲನೆ ಎದ್ದಿತು. ಸಂಜೆ ಅಪ್ಪ ಬೀದಿಯ ತಿರುವಿನಲ್ಲಿರುವಾಗಲೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಪರಿಮಳ ಅದು. ಮಡಚಿದ ಅಂಗಿತೋಳು, ಬಿರುಕುಬಿಟ್ಟ ಬೆರಳು, ಅವರು ಬರುತ್ತಿದ್ದದ್ದು ಆಮೇಲೆ. ಉತ್ಪ್ರೇಕ್ಷೆ ನನಗೆ ಹೊಸದಲ್ಲ, ಆದರೆ ಇದರಲ್ಲಿ ಒಂದಕ್ಷರ ಸೇರಿಸಿಲ್ಲ.

ಈ ಸಲ ಮೂರು ಗೀರು, ನಾಲ್ಕು ಸಮ ಪಾಲು. ಅಮ್ಮನ ಕೈ ಅವಳ ಕೈ ಮೇಲಿತ್ತು. ಚಾಕು ಇಳಿಯಿತು.

"ಒಂದರಲ್ಲಿ ಆರು ಗೋಲಿ. ತಮ್ಮಂದು ಆರು," ಅಂದವಳೇ ಮಗಳು, ಎಸೆದ ಪೆನ್ಸಿಲ್ ಹುಡುಕಲು ಮಂಚದ ಕೆಳಗೆ ನುಗ್ಗಿದಳು.

ಅಮ್ಮ ಮೂರು ತುಂಡುಗಳನ್ನು ಒಂದು ಬದಿಗೆ ಸರಿಸಿದಳು. ನಾಲ್ಕನೆಯದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ನಿಂದು ಇದು. ಅವತ್ತು ಸಿಕ್ಕಿರಲಿಲ್ಲ. ಹೋಗು, ಸ್ನಾನ ಮಾಡಿ ಬಾ."